ಕಾಣದ ಜನರ ಮೇಲಿನ ಆರೋಪ: ಯೆಹೂದ್ಯ-ದ್ವೇಷವೂ ನಮ್ಮ ಬೋಧನೆಯೂ

ತುಮಕೂರು ನಗರದಲ್ಲಾಗಲಿ, ಗುಬ್ಬಿ ಮತ್ತು ಕುಣಿಗಲ್ ತಾಲ್ಲೂಕುಗಳ ಊರುಗಳಲ್ಲಾಗಲಿ ಯೆಹೂದ್ಯರ ಕೇರಿಯಿಲ್ಲ, ಪ್ರಾರ್ಥನಾಮಂದಿರವಿಲ್ಲ. ಈ ಭಾಗದ ಕಥೋಲಿಕ ವಿಶ್ವಾಸಿಯೊಬ್ಬನು ಜ್ಞಾನಸ್ನಾನ ಪಡೆದು, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು ಕಣ್ಮುಚ್ಚುವವರೆಗೂ ಒಬ್ಬ ಯೆಹೂದ್ಯನ ಮುಖವನ್ನು ನೋಡದೆ ಇರಬಹುದು; ಬಹುಮಟ್ಟಿಗೆ ಹಾಗೆಯೇ ಆಗುತ್ತದೆ. ಆದರೂ 'ಯೆಹೂದ್ಯರು' ಎಂಬ ಶಬ್ದ ಅವನಿಗೆ ಅಪರಿಚಿತವಲ್ಲ. ವರ್ಷಕ್ಕೊಮ್ಮೆ ಶುಭ ಶುಕ್ರವಾರದ ಮಧ್ಯಾಹ್ನ, ದೇವಾಲಯ ತುಂಬಿ ಹೊರಗಿನ ಶಾಮಿಯಾನದ ಕೆಳಗೂ ಜನ ನಿಂತಿರುವಾಗ, ಧ್ವನಿವರ್ಧಕದಲ್ಲಿ ಆ ಶಬ್ದ ಮತ್ತೆ ಮತ್ತೆ ಕೇಳಿಬರುತ್ತದೆ. ಅವನು ಬಲ್ಲ ಯೆಹೂದ್ಯರು ಅವರು ಮಾತ್ರ: ಪಿಲಾತನ ಅಂಗಳದಲ್ಲಿ ನಿಂತು ಕೂಗುವವರು. ಯೇಸುಸ್ವಾಮಿ, ಮಾತೆ ಮರಿಯಮ್ಮ, ಸಂತ ಜೋಸೆಫರು, ಪೇತ್ರ, ಪೌಲ ಇವರೆಲ್ಲರೂ ಅದೇ ಜನಾಂಗದವರೆಂಬ ಸಂಗತಿಯನ್ನು ಅವನಿಗೆ ಯಾರೂ ಅಲ್ಲಗಳೆದಿಲ್ಲ, ಆದರೆ ಮನಸ್ಸಿಗೆ ಇಳಿಯುವಂತೆ ಯಾರೂ ಹೇಳಿಯೂ ಇಲ್ಲ.

ಹಾಗಿದ್ದ ಮೇಲೆ ಯೆಹೂದ್ಯ-ದ್ವೇಷ ನಮ್ಮ ಸಮಸ್ಯೆ ಹೇಗಾದೀತು, ಅದು ಯೂರೋಪಿನವರ ಪಾಪವಲ್ಲವೆ ಎಂಬ ಪ್ರಶ್ನೆ ಗುರುಮಠದ ತರಗತಿಗಳಲ್ಲಿ ಏಳುವುದು ಸಹಜ. ಉತ್ತರ ಇತಿಹಾಸದಲ್ಲಿಯೇ ಇದೆ. ಈ ದ್ವೇಷಕ್ಕೆ ಯೆಹೂದ್ಯರ ಸಾನ್ನಿಧ್ಯ ಬೇಕಾಗಿಲ್ಲ. ಇಂಗ್ಲೆಂಡಿನಿಂದ ಯೆಹೂದ್ಯರನ್ನು 1290ರಲ್ಲಿ ಹೊರಗಟ್ಟಲಾಯಿತು. ಅವರು ಮತ್ತೆ ಅಲ್ಲಿ ನೆಲೆಸಲು ಅವಕಾಶ ದೊರೆತದ್ದು 1656ರಲ್ಲಿ. ಈ ಎರಡು ವರ್ಷಗಳ ನಡುವೆ, ಬಹಿರಂಗವಾಗಿ ಯೆಹೂದ್ಯನೆನಿಸಿಕೊಂಡವನು ಯಾರೂ ಇಲ್ಲದ ನಾಡಿನಲ್ಲಿ, ಶೇಕ್ಸ್‌ಪಿಯರನು ಶೈಲಾಕನನ್ನು ಸೃಷ್ಟಿಸಿದನು. ಪ್ರೇಕ್ಷಕರು ಆತನನ್ನು ತಟ್ಟನೆ ಗುರುತಿಸಿದರು, ಏಕೆಂದರೆ ತಲೆಮಾರುಗಳಿಂದ ಪ್ರಸಂಗಪೀಠದಲ್ಲಿಯೂ ಬೀದಿನಾಟಕಗಳಲ್ಲಿಯೂ ಆ ಮುಖವನ್ನು ಅವರಿಗೆ ಬಿಡಿಸಿ ತೋರಿಸಲಾಗಿತ್ತು. ಅದೇ ಶೈಲಾಕನು ನಮ್ಮ ಶಾಲಾ ಪಠ್ಯಗಳ ಮೂಲಕ ಇಲ್ಲಿಗೂ ಬಂದನು. 1884ರಲ್ಲಿ ನಾಟಕ ಮಂಡಳಿ ಕಟ್ಟಿ, ಮುಂದೆ ವೀರಣ್ಣನವರಿಂದ ನಾಡಿಗೆಲ್ಲ ಹೆಸರಾದ ಗುಬ್ಬಿಯ ಜನರಿಗೆ, ರಂಗದ ಮೇಲಿನ ಖಳನು ನೋಡುವವರ ನೆನಪಿನಲ್ಲಿ ಎಷ್ಟು ಕಾಲ ಉಳಿಯುತ್ತಾನೆ ಎಂಬುದನ್ನು ವಿವರಿಸಬೇಕಿಲ್ಲ.

ಓದುವ ಪೀಠದಿಂದ ಕೇಳಿಸುವುದು

ಸಂತ ಯೊವಾನ್ನರ ಶುಭಸಂದೇಶದಲ್ಲಿ 'ಯೆಹೂದ್ಯರು' ಎಂಬ ಪದ ಸುಮಾರು 70 ಸಲ ಬರುತ್ತದೆ. ಉಳಿದ ಮೂರು ಶುಭಸಂದೇಶಗಳಲ್ಲಿ ಅದು ಒಂದೊಂದರಲ್ಲಿ ಐದಾರು ಸಲವಷ್ಟೇ, ಅದೂ ಹೆಚ್ಚಾಗಿ 'ಯೆಹೂದ್ಯರ ಅರಸ' ಎಂಬ ಬಿರುದಿನಲ್ಲಿ. ಯೊವಾನ್ನರಲ್ಲಿ ಈ ಪದಕ್ಕೆ ಒಂದೇ ಅರ್ಥವಿಲ್ಲ. ಕೆಲವೆಡೆ ಅದು ಜುದೇಯ ಪ್ರಾಂತದ ಜನ, ಕೆಲವೆಡೆ ಹಬ್ಬದ ಆಚರಣೆಯನ್ನು ಹೇಳುವ ತಟಸ್ಥ ವಿಶೇಷಣ, ಲಾಜರನ ಮನೆಗೆ ದುಃಖ ಹಂಚಿಕೊಳ್ಳಲು ಬಂದ ಸ್ನೇಹಿತರೂ ಯೆಹೂದ್ಯರೇ. ಸಮಾರಿಯದ ಮಹಿಳೆಯೊಡನೆ ಮಾತಾಡುತ್ತ ಯೇಸುಸ್ವಾಮಿ ಜೀವೋದ್ಧಾರದ ಮೂಲ ಆ ಜನರಲ್ಲೇ ಇದೆಯೆಂದು ಸೂಚಿಸುವುದೂ ಇದೇ ಗ್ರಂಥದ ನಾಲ್ಕನೆಯ ಅಧ್ಯಾಯದಲ್ಲಿ. ಯಾತನಾ ವೃತ್ತಾಂತದಲ್ಲಿ ಮಾತ್ರ ಆ ಪದ ಮಹಾದೇವಾಲಯದ ಅಧಿಕಾರವರ್ಗವನ್ನು, ಅಂದರೆ ಕಾಯಫನ ಸುತ್ತಲಿನ ಸಣ್ಣ ಗುಂಪನ್ನು, ಮುಖ್ಯವಾಗಿ ಸೂಚಿಸುತ್ತದೆ.

ಇಲ್ಲಿ ನಮ್ಮ ಭಾಷೆಗೇ ವಿಶಿಷ್ಟವಾದ ತೊಡಕೊಂದಿದೆ. ಗ್ರೀಕ್ ಮೂಲದಲ್ಲಿ ಆ ನಾಮಪದದ ಹಿಂದೆ ನಿರ್ದೇಶಕ ಉಪಪದವಿದೆ. 'ಈಗ ಮಾತಿಗೆ ಬಂದಿರುವ ಆ ಜನ' ಎಂಬ ಧ್ವನಿಗೆ ಅದರಲ್ಲಿ ಎಡೆಯುಂಟು. ಕನ್ನಡದಲ್ಲಿ ಅಂತಹ ಉಪಪದವಿಲ್ಲ. 'ಯೆಹೂದ್ಯರು ಕೂಗಿದರು' ಎಂದೊಡನೆ ಕನ್ನಡದ ಕಿವಿಗೆ ಇಡೀ ಜನಾಂಗವೇ ಕೂಗಿದಂತೆ ಕೇಳಿಸುತ್ತದೆ. ಇದರ ಜೊತೆಗೆ ಯೂದ ಎಂಬ ಶಿಷ್ಯನ ಹೆಸರೂ ಯೆಹೂದ್ಯ ಎಂಬ ಜನಾಂಗದ ಹೆಸರೂ ಒಂದೇ ಬೇರಿನವು. ದ್ರೋಹ ಬಗೆದವನ ಹೆಸರು ಜನಾಂಗಕ್ಕೆ ಅಂಟಿಕೊಳ್ಳಲು ಕಷ್ಟವೇನೂ ಇಲ್ಲ. ಪೂಜಾವಿಧಿಯಲ್ಲಿ ನಿಗದಿಯಾದ ಪಠ್ಯವನ್ನು ಓದುಗನು ತಿದ್ದುವಂತಿಲ್ಲ, ತಿದ್ದಲೂ ಬಾರದು. ಆದರೆ ಓದಿಗೆ ಮೊದಲು ಎರಡು ವಾಕ್ಯಗಳ ಪೀಠಿಕೆಯನ್ನು ಯಾಜಕನು ಕೊಡಬಲ್ಲನು. ನಮ್ಮ ಧರ್ಮಕೇಂದ್ರಗಳಲ್ಲಿ ಆ ಎರಡು ವಾಕ್ಯಗಳು ಅಪರೂಪ. ಅದೇ ಹೊತ್ತಿಗೆ ಚಪ್ಪಲಿ ಬಿಡುವ ಜಾಗ, ವಾಹನ ನಿಲ್ಲಿಸುವ ಜಾಗಗಳ ಕುರಿತು ಐದು ನಿಮಿಷ ಸೂಚನೆ ಕೊಡಲು ಮಾತ್ರ ನಾವು ಮರೆಯುವುದಿಲ್ಲ.

ಶಿಲುಬೆಗೇರಿಸುವುದು ರೋಮನರ ದಂಡನೆ. ಆಜ್ಞೆಯಿತ್ತವನು 26ರಿಂದ 36ರವರೆಗೆ ಜುದೇಯವನ್ನು ಆಳಿದ ರೋಮನ್ ಅಧಿಕಾರಿ ಪೊಂತಿಯುಸ್ ಪಿಲಾತ. ಫಿಲೋ ಮತ್ತು ಜೊಸೀಫಸರ ಬರಹಗಳಲ್ಲಿ ಕಾಣುವ ಪಿಲಾತನು ಕೈತೊಳೆದುಕೊಳ್ಳುವ ದುರ್ಬಲ ಮನಸ್ಸಿನವನಲ್ಲ, ನಿಷ್ಠುರಿ. ಸಮಾರಿಯದವರ ಕಗ್ಗೊಲೆಯ ಬಳಿಕ ಅವನನ್ನು ರೋಮಿಗೆ ಹಿಂದಕ್ಕೆ ಕರೆಸಬೇಕಾಯಿತು. ನಾವು ಪ್ರತಿ ಭಾನುವಾರ ಉಚ್ಚರಿಸುವ ವಿಶ್ವಾಸ ಸಂಗ್ರಹವು ಪ್ರಭುವಿನ ಮರಣದ ಸಂದರ್ಭದಲ್ಲಿ ಒಬ್ಬನೇ ಒಬ್ಬನ ಹೆಸರನ್ನು ಹೇಳುತ್ತದೆ, ಅದು ಪಿಲಾತನದು. ಯೆಹೂದ್ಯರ ಹೆಸರು ಅಲ್ಲಿಲ್ಲ. ಧರ್ಮಸಭೆಯ ಅಧಿಕೃತ ವಿಶ್ವಾಸಕ್ಕೂ ಜನಸಾಮಾನ್ಯರ ಭಕ್ತಿಗೂ ನಡುವೆ ಬಿದ್ದ ಬಿರುಕಿನ ಅಗಲ ಇಲ್ಲಿಯೇ ಕಾಣುತ್ತದೆ.

ಅತಿ ಹೆಚ್ಚು ರಕ್ತ ಹರಿಸಿದ ವಾಕ್ಯ ಮತ್ತಾಯ 27:25. ಯೇಸುವಿನ ರಕ್ತದ ಹೊಣೆಯನ್ನು ನೆರೆದ ಜನ ತಮ್ಮ ಮೇಲೂ ಮಕ್ಕಳ ಮೇಲೂ ಹೊರಿಸಿಕೊಳ್ಳುವ ಆ ಮಾತನ್ನು ಶತಮಾನಗಳ ಕಾಲ ಆನುವಂಶಿಕ ಶಾಪವೆಂದು ವ್ಯಾಖ್ಯಾನಿಸಲಾಯಿತು. ಒಂದು ಬೆಳಗ್ಗೆ ಒಂದು ಅಂಗಳದಲ್ಲಿ ಹಿಡಿಸುವಷ್ಟು ಜನ ಆಡಿದ ಮಾತು, ಆ ಹೊತ್ತಿಗಾಗಲೇ ಅಲೆಕ್ಸಾಂಡ್ರಿಯದಲ್ಲೂ ಬಾಬಿಲೋನಿನಲ್ಲೂ ರೋಮಿನಲ್ಲೂ ಬದುಕುತ್ತಿದ್ದ ಲಕ್ಷಾಂತರ ಯೆಹೂದ್ಯರಿಗೆ ಹೇಗೆ ತಗುಲೀತು? ಅಲ್ಲದೆ ಅದೇ ಶುಭಸಂದೇಶದಲ್ಲಿ, ಒಂದು ಅಧ್ಯಾಯ ಮೊದಲು, ಯೇಸುಸ್ವಾಮಿ ತಮ್ಮ ರಕ್ತವನ್ನು ಪಾಪಕ್ಷಮೆಗಾಗಿ ಸುರಿಸುವ ಒಡಂಬಡಿಕೆಯ ರಕ್ತವೆಂದು ಕರೆದಿದ್ದಾರೆ. ಸಿನಾಯಿ ಬೆಟ್ಟದ ತಪ್ಪಲಲ್ಲಿ ಮೋಶೆ ಜನರ ಮೇಲೆ ಚಿಮುಕಿಸಿದ್ದೂ ಒಡಂಬಡಿಕೆಯ ರಕ್ತವನ್ನೇ. ಜಗದ್ಗುರು 16ನೇ ಬೆನೆಡಿಕ್ಟರು 2011ರಲ್ಲಿ ಪ್ರಕಟವಾದ ತಮ್ಮ ಯೇಸುವಿನ ಕುರಿತ ಗ್ರಂಥದ ಎರಡನೆಯ ಭಾಗದಲ್ಲಿ ಈ ವಾಕ್ಯವನ್ನು ಇದೇ ದಿಕ್ಕಿನಲ್ಲಿ ಓದಿದ್ದಾರೆ: ಯೇಸುವಿನ ರಕ್ತ ಸೇಡನ್ನು ಬೇಡುವುದಿಲ್ಲ, ಸಂಧಾನವನ್ನು ತರುತ್ತದೆ. ಹೀಗೆ ಓದಲು ಆಧುನಿಕರಾಗಬೇಕೆಂದೇನಿಲ್ಲ. 1566ರ ತ್ರೆಂತ್ ಧರ್ಮೋಪದೇಶವೇ, ತಿಳಿದೂ ತಿಳಿದೂ ಪಾಪಕ್ಕೆ ಮರಳುವ ಕ್ರೈಸ್ತರ ಅಪರಾಧವು ಅಂದಿನ ಯೆಹೂದ್ಯರದಕ್ಕಿಂತ ಘೋರವೆಂದು ಬೋಧಿಸಿತ್ತು. ಆ ಪುಸ್ತಕ ಗುರುಗಳ ಕಪಾಟಿನಲ್ಲಿದ್ದಾಗಲೇ ಬೀದಿಯಲ್ಲಿ ಬೇರೆಯ ಧರ್ಮೋಪದೇಶ ನಡೆಯುತ್ತಿತ್ತು.

ತಿರಸ್ಕಾರದ ಪರಂಪರೆ

ಎರಡನೆಯ ಶತಮಾನದ ಸಾರ್ದಿಸಿನ ಮೆಲಿತೋ ತನ್ನ ಪಾಸ್ಖ ಪ್ರಬೋಧನೆಯಲ್ಲಿ ಇಸ್ರಯೇಲ್ ದೇವರನ್ನೇ ಕೊಂದಿತೆಂಬ ಆಪಾದನೆಯನ್ನು ಮಾಡಿದನು. 386-387ರಲ್ಲಿ ಅಂತಿಯೋಕ್ಯದಲ್ಲಿ ಸಂತ ಯೊವಾನ್ನ ಕ್ರಿಸೊಸ್ತಮರು ಎಂಟು ಪ್ರಸಂಗಗಳನ್ನು ಮಾಡಿದರು. ಅವರ ಕೋಪ ನಿಜವಾಗಿ ಯೆಹೂದ್ಯರ ಹಬ್ಬಗಳಿಗೆ ಹೋಗಿಬರುತ್ತಿದ್ದ ತಮ್ಮದೇ ಕ್ರೈಸ್ತರ ಮೇಲಿತ್ತು. ಆದರೆ ಆ ಕ್ರೈಸ್ತರನ್ನು ಹೆದರಿಸಲು ಅವರು ಬಳಸಿದ ಬೈಗುಳಗಳು ಸಂದರ್ಭ ಕಳಚಿಕೊಂಡು ಶತಮಾನಗಳಾಚೆಗೂ ಬದುಕಿದವು. ಪ್ರಬೋಧಕರಾಗಲಿರುವವರು ಗಮನಿಸಬೇಕಾದ ಅಂಶವಿದು: ಸ್ವರ್ಣವದನರೆಂದು ಹೆಸರಾದವರ ನಾಲಿಗೆಯೂ ಹೀಗೆ ಜಾರಿತು. ಸಂತ ಅಗಸ್ಟೀನರು ಸ್ವಲ್ಪ ಬೇರೆ ದಾರಿ ಹಿಡಿದು, ಪವಿತ್ರಗ್ರಂಥಕ್ಕೆ ಸಾಕ್ಷಿಗಳಾಗಿ ಯೆಹೂದ್ಯರನ್ನು ಕೊಲ್ಲದೆ ಉಳಿಸಬೇಕೆಂದರು. ಆ ಬೋಧನೆ ಅನೇಕ ಪ್ರಾಣಗಳನ್ನು ಉಳಿಸಿತು. ಆದರೆ ಬದುಕಬೇಕು, ತಲೆಯೆತ್ತಬಾರದು ಎಂಬ ನೀತಿಗೆ ಅದೇ ಬುನಾದಿಯೂ ಆಯಿತು.

ಯೂರೋಪಿನ ಮುಂದಿನ ಕಥೆ ಪಠ್ಯಪುಸ್ತಕಗಳಲ್ಲಿದೆ, ಬೇಗ ದಾಟುತ್ತೇನೆ. 1096ರಲ್ಲಿ ಧರ್ಮಯುದ್ಧಕ್ಕೆ ಹೊರಟವರು ರೈನ್ ತೀರದ ವೋರ್ಮ್ಸ್, ಮೈನ್ಸ್ ನಗರಗಳಲ್ಲಿ ಯೆಹೂದ್ಯರನ್ನು ಕೊಂದರು. ಸ್ಪೈಯರಿನ ಧರ್ಮಾಧ್ಯಕ್ಷರು ತಮ್ಮ ಊರಿನ ಬಹುಪಾಲು ಯೆಹೂದ್ಯರನ್ನು ಉಳಿಸಿದರು. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆ ಅವರು ಬೇರೆಯಾಗಿ ಕಾಣುವ ಉಡುಪು ತೊಡಬೇಕೆಂದಿತು. ಕ್ರೈಸ್ತ ಮಕ್ಕಳ ರಕ್ತಕ್ಕಾಗಿ ಯೆಹೂದ್ಯರು ಕೊಲೆ ಮಾಡುತ್ತಾರೆಂಬ ಸುಳ್ಳನ್ನು ಜಗದ್ಗುರು 4ನೇ ಇನ್ನೋಸೆಂಟರು 1247ರಲ್ಲೇ ಖಂಡಿಸಿದ್ದರೂ, 1475ರಲ್ಲಿ ತ್ರೆಂತಿನ ಸಿಮೋನನೆಂಬ ಬಾಲಕನ ಸಾವಿನ ಹೆಸರಿನಲ್ಲಿ ಯೆಹೂದ್ಯರನ್ನು ಚಿತ್ರಹಿಂಸೆಗೊಳಪಡಿಸಿ ಕೊಲ್ಲಲಾಯಿತು; ಆ ಬಾಲಕನಿಗೆ ಸಲ್ಲುತ್ತಿದ್ದ ಪೂಜೆಯನ್ನು ಧರ್ಮಸಭೆ ರದ್ದುಪಡಿಸಿದ್ದು 1965ರಲ್ಲಿ. 1555ರಲ್ಲಿ ಜಗದ್ಗುರು 4ನೇ ಪೌಲರು ರೋಮ್ ನಗರದ ಯೆಹೂದ್ಯರನ್ನು ಗೋಡೆ ಕಟ್ಟಿದ ಕೇರಿಯೊಳಗೆ ಕೂಡಿದರು.

ನಮಗೆ ಹತ್ತಿರವಾದದ್ದು ಗೋವೆ. ಇದನ್ನು ನಿಧಾನವಾಗಿ ನೋಡಬೇಕು.

1497ರಲ್ಲಿ ಪೋರ್ಚುಗಲ್ ತನ್ನ ಯೆಹೂದ್ಯರಿಗೆ ಬಲವಂತದ ಜ್ಞಾನಸ್ನಾನ ಕೊಡಿಸಿತು. 'ಹೊಸ ಕ್ರೈಸ್ತ'ರೆನಿಸಿದ ಇವರಲ್ಲಿ ಹಲವರು ವ್ಯಾಪಾರಿಗಳಾಗಿ, ವೈದ್ಯರಾಗಿ ಗೋವೆಗೂ ಕೊಚ್ಚಿಗೂ ಬಂದರು. ಗುಟ್ಟಾಗಿ ಹಳೆಯ ಧರ್ಮವನ್ನೇ ಪಾಲಿಸುತ್ತಾರೆಂಬ ಸಂಶಯ ಅವರ ಬೆನ್ನು ಬಿಡಲಿಲ್ಲ. 1543ರಲ್ಲಿ, ಧರ್ಮವಿಚಾರಣಾ ನ್ಯಾಯಾಲಯ ಸ್ಥಾಪನೆಯಾಗುವುದಕ್ಕೂ ಮೊದಲೇ, ಜೆರೋನಿಮೋ ದಿಯಾಸ್ ಎಂಬ ವೈದ್ಯನನ್ನು ಗೋವೆಯಲ್ಲಿ ಇದೇ ಆರೋಪದ ಮೇಲೆ ಕೊಂದು ಸುಡಲಾಯಿತು. ನ್ಯಾಯಾಲಯ ಬಂದದ್ದು 1560ರಲ್ಲಿ. ನಡುವೆ ಕೆಲವು ವರ್ಷ ನಿಂತದ್ದು ಬಿಟ್ಟರೆ 1812ರವರೆಗೆ ಅದು ನಡೆಯಿತು. ಆರಂಭದ ದಶಕಗಳಲ್ಲಿ ಅದರ ದೃಷ್ಟಿ ಯೆಹೂದ್ಯ ಮೂಲದವರ ಮೇಲಿದ್ದರೆ, ಕಾಲಕ್ರಮೇಣ ಅದೇ ಯಂತ್ರ ಸ್ಥಳೀಯ ಕ್ರೈಸ್ತರತ್ತ ತಿರುಗಿತು. ತಾಯಂದಿರು ಮದುವೆಮನೆಯಲ್ಲಿ ಹಾಡಿದ ಹಾಡು, ಉಟ್ಟ ಬಟ್ಟೆ, ಮಾಡಿದ ಅಡುಗೆ ಎಲ್ಲವೂ ವಿಚಾರಣೆಯ ವಸ್ತುವಾದವು. ಕೆನರಾ ಕರಾವಳಿಗೆ ಗೋವೆಯ ಕಥೋಲಿಕರು ವಲಸೆ ಬರಲು ತೆರಿಗೆ, ಬರಗಾಲ, ಯುದ್ಧಗಳ ಜೊತೆಗೆ ಈ ಭಯವೂ ಒಂದು ಕಾರಣ. ಯೆಹೂದ್ಯರಿಗೆಂದು ಹೊಸೆದ ಹಗ್ಗ ನಮ್ಮ ಪೂರ್ವಿಕರ ಕೊರಳಿಗೂ ಬಿತ್ತು.

ಗಾರ್ಸಿಯಾ ದ ಓರ್ತ ಎಂಬ ವೈದ್ಯರು 1534ರಲ್ಲಿ ಗೋವೆಗೆ ಬಂದವರು. 1563ರಲ್ಲಿ ಅಲ್ಲಿಯೇ ಅಚ್ಚಾದ ಅವರ ಸಂವಾದ ಗ್ರಂಥವು ಭಾರತದ ಔಷಧ ಸಸ್ಯಗಳನ್ನು ಯೂರೋಪಿಗೆ ಪರಿಚಯಿಸಿತು. ಅಡಿಕೆಗೂ ತೆಂಗಿಗೂ ಅದರಲ್ಲಿ ಪ್ರತ್ಯೇಕ ಸಂವಾದಗಳಿವೆ. ಅಡಿಕೆ ತೋಟಗಳ ಗುಬ್ಬಿಯವರೂ ತೆಂಗಿನ ಜಿಲ್ಲೆಯವರಾದ ನಾವೆಲ್ಲರೂ ಆ ಪುಟಗಳನ್ನು ಕುತೂಹಲದಿಂದ ಓದಬಹುದು. 1568ರಲ್ಲಿ ಓರ್ತ ತೀರಿಕೊಂಡರು. ಮರುವರ್ಷ ಅವರ ಸೋದರಿ ಕತರೀನಾಳನ್ನು, ಯೆಹೂದ್ಯ ಧರ್ಮವನ್ನು ಗುಟ್ಟಾಗಿ ಪಾಲಿಸಿದಳೆಂದು, ಸುಡಲಾಯಿತು. 1580ರಲ್ಲಿ ಓರ್ತರ ಮೂಳೆಗಳನ್ನು ಸಮಾಧಿಯಿಂದ ಅಗೆದು ತೆಗೆದು ಅವನ್ನೂ ಸುಟ್ಟರು. ಸತ್ತು 12 ವರ್ಷವಾದವನನ್ನೂ ಬಿಡದ ಆವೇಶಕ್ಕೆ ಧರ್ಮದ ಹೆಸರಿತ್ತು.

ಈ ನ್ಯಾಯಾಲಯವನ್ನು ಗೋವೆಗೆ ಕಳುಹಿಸಬೇಕೆಂದು 1546ರ ಮೇ ತಿಂಗಳಲ್ಲಿ ಅಂಬೋನ್ ದ್ವೀಪದಿಂದ ದೊರೆ ಮೂರನೆಯ ಜೊವಾಂಗೆ ಪತ್ರ ಬರೆದವರಲ್ಲಿ ಸಂತ ಫ್ರಾನ್ಸಿಸ್ ಝೇವಿಯರರೂ ಒಬ್ಬರು. ಮೋಶೆಯ ಧರ್ಮಶಾಸ್ತ್ರದಂತೆ ಬಾಳುವವರು ಅಲ್ಲಿ ಹೆಚ್ಚಿದ್ದಾರೆಂಬುದು ಅವರು ಕೊಟ್ಟ ಕಾರಣಗಳಲ್ಲೊಂದು. ನ್ಯಾಯಾಲಯ ಬರುವ ಹೊತ್ತಿಗೆ ಅವರು ತೀರಿ ಎಂಟು ವರ್ಷವಾಗಿತ್ತು. ಮುಂದೆ ನಡೆದುದಕ್ಕೆಲ್ಲ ಅವರನ್ನೇ ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ಪತ್ರವಿದ್ದುದು ನಿಜ. ತುಮಕೂರು ಜಿಲ್ಲೆ ಸೇರಿರುವ ಬೆಂಗಳೂರು ಮಹಾಧರ್ಮಕ್ಷೇತ್ರದ ಪ್ರಧಾನಾಲಯ ಇದೇ ಸಂತರ ಹೆಸರಿನದು. ಅವರ ಹಬ್ಬದ ನವದಿನಗಳಲ್ಲಿ ಈ ಪತ್ರವನ್ನು ಕುರಿತು ಪ್ರಸಂಗ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಗುರುಮಠದ ಇತಿಹಾಸ ಪಾಠದಲ್ಲಿ ಅದನ್ನು ಮುಚ್ಚಿಡುವುದು ಸಂತರಿಗೆ ತೋರುವ ಗೌರವವೂ ಅಲ್ಲ. ನಾವೇ ಹೇಳದಿದ್ದರೆ, ಧರ್ಮಸಭೆಯ ಮೇಲೆ ದ್ವೇಷವುಳ್ಳವರು ತಮ್ಮದೇ ಮಸಾಲೆ ಬೆರೆಸಿ ಹೇಳುತ್ತಾರೆ, ಈಗಾಗಲೇ ಹೇಳುತ್ತಿದ್ದಾರೆ.

ಈ ಕಥೆಯಲ್ಲಿ ಭಾರತೀಯ ಕ್ರೈಸ್ತನನ್ನು ಚುಚ್ಚುವ ಎಳೆ ಇನ್ನೊಂದಿದೆ. 1449ರಲ್ಲಿ ಸ್ಪೇನಿನ ತೊಲೆದೋ ನಗರ, ಯೆಹೂದ್ಯ ಪೂರ್ವಿಕರಿದ್ದ ಕ್ರೈಸ್ತರು ಸಾರ್ವಜನಿಕ ಹುದ್ದೆ ಹಿಡಿಯಬಾರದೆಂಬ 'ರಕ್ತಶುದ್ಧಿ' ಕಟ್ಟಳೆ ಮಾಡಿತು. ಜ್ಞಾನಸ್ನಾನಕ್ಕೆ ಅವಮಾನವೆಂದು ಜಗದ್ಗುರು 5ನೇ ನಿಕೋಲಾಸರು ಅದೇ ವರ್ಷ ಅದನ್ನು ಖಂಡಿಸಿದರು. ಆದರೂ ಕಟ್ಟಳೆ ಹಬ್ಬಿತು. ಯೇಸುಸಭೆಯ ಎರಡನೆಯ ಮಹಾಧಿಪತಿ ದಿಯೇಗೊ ಲಾಯ್ನೆಸ್ ಯೆಹೂದ್ಯ ಮೂಲದ ಮನೆತನದವರು. ಅದೇ ಸಭೆ 1593ರಲ್ಲಿ ಅಂಥ ಮೂಲದವರಿಗೆ ಬಾಗಿಲು ಮುಚ್ಚಿತು; ಆ ನಿಯಮ ಪೂರ್ತಿಯಾಗಿ ಅಳಿದದ್ದು 1946ರಲ್ಲಿ. ಜ್ಞಾನಸ್ನಾನದ ನೀರಿಗೂ ತೊಳೆಯಲಾಗದ ಹುಟ್ಟಿನ ಮೈಲಿಗೆ ಎಂಬ ಈ ಕಲ್ಪನೆಯನ್ನು ನಾವು ಎಲ್ಲಿಯೋ ಕೇಳಿದ್ದೇವಲ್ಲವೆ? ಇಂಗ್ಲಿಷಿನಲ್ಲಿ ಜಾತಿಗೆ ಇರುವ ಪದ ಪೋರ್ಚುಗೀಸರ 'ಕಾಸ್ತಾ'ದಿಂದ ಬಂದದ್ದು, ವಂಶ ಎಂಬುದು ಅದರ ಅರ್ಥ. ಒಂದೇ ಬಲಿಪೀಠದ ಮುಂದೆ ದಲಿತ ಕ್ರೈಸ್ತರಿಗೆ ಬೇರೆ ಸಾಲು, ಬೇರೆ ಸ್ಮಶಾನ ಮಾಡಿದ ಮನಸ್ಸೂ ಯೆಹೂದ್ಯನ ಮೊಮ್ಮಗನನ್ನು ಗುರುಮಠದ ಹೊರಗಿಟ್ಟ ಮನಸ್ಸೂ ಬೇರೆಬೇರೆಯಲ್ಲ. ಯೆಹೂದ್ಯ-ದ್ವೇಷದ ಅಧ್ಯಯನ ನಮಗೆ ದೂರದ ವಿಷಯವೆನ್ನುವವರು ಈ ಹೋಲಿಕೆಯನ್ನು ಯೋಚಿಸಬೇಕು.

ಈ ನೆಲದಲ್ಲಿ ಬೇರೆ ಪರಂಪರೆಯೂ ಇತ್ತು. ಕೈರೋದ ಹಳೆಯ ಪ್ರಾರ್ಥನಾಮಂದಿರದ ಕಾಗದಗಳ ರಾಶಿಯಲ್ಲಿ ದೊರೆತ ಪತ್ರಗಳು, ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು 1132ರಿಂದ 1149ರ ಸುಮಾರಿನವರೆಗೆ ಮಂಗಳೂರಿನಲ್ಲಿ ಬಾಳಿದ್ದನ್ನು ತಿಳಿಸುತ್ತವೆ. ಕಂಚಿನ ಕಾರ್ಖಾನೆ ಇಟ್ಟು, ಅಶು ಎಂಬ ಸ್ಥಳೀಯ ಹೆಣ್ಣನ್ನು ಬಿಡುಗಡೆಗೊಳಿಸಿ ಅವಳೊಡನೆ ಸಂಸಾರ ಹೂಡಿ, ಬೊಮ್ಮನೆಂಬ ಆಳಿನ ಕೈಯಲ್ಲಿ ಏಡನ್ ಬಂದರಿಗೆ ಸರಕು ಕಳುಹಿಸುತ್ತಿದ್ದ ಅವನನ್ನು ತುಳುನಾಡು ಕಾಡಲಿಲ್ಲ. ಕೊಚ್ಚಿಯ ದೊರೆಗಳು ಯೆಹೂದ್ಯರಿಗೆ ಅರಮನೆಯ ಮಗ್ಗುಲಲ್ಲೇ ನೆಲ ಕೊಟ್ಟರು. 1662ರಲ್ಲಿ ಅಲ್ಲಿನ ಪ್ರಾರ್ಥನಾಮಂದಿರಕ್ಕೆ ಹಾನಿ ಮಾಡಿದವರು ಶಿಲುಬೆ ಹೊತ್ತ ಪೋರ್ಚುಗೀಸರು. ಇನ್ನೂ ಇತ್ತೀಚೆಗೆ, 1904ರಲ್ಲಿ, ಬೆಂಗಳೂರಿನ ಮೈಸೂರು ರಸ್ತೆಯ ಬಳಿ ಯೆಹೂದ್ಯರ ಸ್ಮಶಾನಕ್ಕೆ ಮೈಸೂರು ಅರಸರು ಭೂಮಿ ಕೊಟ್ಟರು. 1933ರಲ್ಲಿ ಜರ್ಮನಿಯಲ್ಲಿ ಹುದ್ದೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನರನ್ನು ಸರ್ ಸಿ. ವಿ. ರಾಮನ್ನರು 1935ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. ಅವರನ್ನು ಕಾಯಂ ಮಾಡುವ ಯತ್ನ ಸಂಸ್ಥೆಯೊಳಗಿನ ವಿರೋಧದಿಂದ ಕೈಗೂಡಲಿಲ್ಲ. ಬಾರ್ನರ ಬಂಧು ಒಟ್ಟೊ ಕೊನಿಗ್ಸ್‌ಬರ್ಗರ್ ಎಂಬ ನಿರಾಶ್ರಿತ ವಾಸ್ತುಶಿಲ್ಪಿಯನ್ನು 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲರ ಸರ್ಕಾರ ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಿಸಿತು. ಹಿಂದೂ ಅರಸ, ಮುಸಲ್ಮಾನ ದಿವಾನ, ಯೆಹೂದ್ಯ ಶಿಲ್ಪಿ. ಕ್ರೈಸ್ತ ಯೂರೋಪು ಹೊರದೂಡಿದವನಿಗೆ ಇಲ್ಲಿ ನೆಲೆ ಸಿಕ್ಕಿತು.

ಮಹಾಸಭೆಯ ತಿರುವು

ಧರ್ಮಾಧಾರಿತ ತಿರಸ್ಕಾರವನ್ನೂ 19ನೇ ಶತಮಾನದ ಜನಾಂಗವಾದಿ ದ್ವೇಷವನ್ನೂ ಒಂದೇ ಎನ್ನಲಾಗದು. ನಾಜಿಗಳು ಜ್ಞಾನಸ್ನಾನ ಪಡೆದ ಯೆಹೂದ್ಯರನ್ನೂ ಕೊಂದರು. ಕಾರ್ಮೆಲ್ ಸಭೆಯ ಸನ್ಯಾಸಿನಿ ಎಡಿತ್ ಸ್ಟೈನ್ 1942ರ ಆಗಸ್ಟಿನಲ್ಲಿ ಆಶ್ವಿಟ್ಸಿನಲ್ಲಿ ಸತ್ತರು. ಆದರೆ 60 ಲಕ್ಷ ಜನರ ಹತ್ಯೆ ನಡೆದದ್ದು ಜ್ಞಾನಸ್ನಾನ ಪಡೆದವರ ಖಂಡದಲ್ಲಿ, ಮತ್ತು ನೆರೆಯವರನ್ನು ಒಯ್ಯುವಾಗ ಬಹುತೇಕ ಕ್ರೈಸ್ತರು ಕಿಟಕಿ ಮುಚ್ಚಿಕೊಂಡರು. ಶತಮಾನಗಳ ಪ್ರಬೋಧನೆ ಆ ಮನಸ್ಸನ್ನು ಮೊದಲೇ ಹದಗೊಳಿಸಿತ್ತು ಎಂಬುದನ್ನು ಅಲ್ಲಗಳೆಯಲಾಗದು. ಬರ್ಲಿನ್ನಿನ ಪ್ರಧಾನಾಲಯದ ಗುರು ಬೆರ್ನ್‌ಹಾರ್ಡ್ ಲಿಖ್ಟೆನ್‌ಬೆರ್ಗ್ 1938ರ ನವೆಂಬರಿನ ದಾಳಿಗಳ ಬಳಿಕ ಯೆಹೂದ್ಯರಿಗಾಗಿ ಬಹಿರಂಗವಾಗಿ ಪ್ರಾರ್ಥಿಸಿದರು. 1941ರಲ್ಲಿ ಸೆರೆಯಾಗಿ, 1943ರಲ್ಲಿ ದಾಖಾವಿಗೆ ಸಾಗಿಸುವ ಹಾದಿಯಲ್ಲಿ ತೀರಿಕೊಂಡರು. ಅವರು ಮಾಡಿದ್ದು ಒಬ್ಬ ಗುರು ದಿನವೂ ಮಾಡುವ ಕೆಲಸ, ಪ್ರಾರ್ಥನೆ. ಅಂಥವರು ಎಷ್ಟು ಮಂದಿಯಿದ್ದರೆಂಬುದೇ ಪ್ರಶ್ನೆ.

ಮಡದಿ ಮತ್ತು ಮಗಳನ್ನು ಆಶ್ವಿಟ್ಸಿನಲ್ಲಿ ಕಳೆದುಕೊಂಡ ಫ್ರೆಂಚ್ ಇತಿಹಾಸಕಾರ ಜೂಲ್ ಇಸಾಕ್ 1960ರ ಜೂನಿನಲ್ಲಿ ಜಗದ್ಗುರು 23ನೇ ಜಾನರನ್ನು ಕಂಡು, 'ತಿರಸ್ಕಾರದ ಬೋಧನೆ'ಯನ್ನು ನಿಲ್ಲಿಸಬೇಕೆಂದು ಕೇಳಿಕೊಂಡರು. ಶುಭ ಶುಕ್ರವಾರದ ಪ್ರಾರ್ಥನೆಯಲ್ಲಿ ಯೆಹೂದ್ಯರಿಗಿದ್ದ ಅವಮಾನಕರ ವಿಶೇಷಣವನ್ನು ಜಗದ್ಗುರುಗಳು 1959ರಲ್ಲೇ ತೆಗೆಸಿದ್ದರು. 1965ರ ಅಕ್ಟೋಬರ್ 28ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 'ನೋಸ್ತ್ರಾ ಎತಾತೆ' ಪ್ರಕಟಣೆಯನ್ನು 88ರ ವಿರುದ್ಧ 2221 ಮತಗಳಿಂದ ಅಂಗೀಕರಿಸಿತು. ಯೇಸುವಿನ ಮರಣದ ಹೊಣೆಯನ್ನು ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಹೊರಿಸಲಾಗದು. ಅವರನ್ನು ಶಾಪಗ್ರಸ್ತರೆಂದು ಬೋಧಿಸಬಾರದು. ಯಾವ ಕಾಲದಲ್ಲಿ ಯಾರಿಂದಲೇ ಬರಲಿ, ಯೆಹೂದ್ಯ-ದ್ವೇಷ ಖಂಡನೀಯ ಎಂದು ಅದರ ನಾಲ್ಕನೆಯ ಪರಿಚ್ಛೇದ ಸಾರಿತು. ಜಗದ್ಗುರು 2ನೇ ಜಾನ್ ಪೌಲರು 1980ರಲ್ಲಿ ಮೈನ್ಸ್ ನಗರದಲ್ಲಿ, ಆ ಜನರೊಡನೆ ದೇವರು ಮಾಡಿದ ಒಡಂಬಡಿಕೆ ಎಂದೂ ರದ್ದಾಗಿಲ್ಲವೆಂದರು. 1986ರಲ್ಲಿ ರೋಮಿನ ಯೆಹೂದ್ಯ ಪ್ರಾರ್ಥನಾಮಂದಿರಕ್ಕೆ ಹೋದರು. 2000ದಲ್ಲಿ ಜೆರುಸಲೇಮಿನ ಪಶ್ಚಿಮ ಗೋಡೆಯ ಬಿರುಕಿನಲ್ಲಿ ಕ್ಷಮೆಯ ಪ್ರಾರ್ಥನೆಯ ಚೀಟಿ ಇಟ್ಟರು.

ಈ ಬೋಧನೆಗೆ ಆಧಾರ ರೋಮನರಿಗೆ ಬರೆದ ಪತ್ರದ 9ರಿಂದ 11ರವರೆಗಿನ ಅಧ್ಯಾಯಗಳು. ಪೌಲರು ಅನ್ಯಜನರನ್ನು ಕಾಡು ಓಲಿವ್ ಕೊಂಬೆಗೆ ಹೋಲಿಸಿ, ಬೇರು ನಿನ್ನನ್ನು ಹೊತ್ತಿದೆಯೇ ಹೊರತು ನೀನು ಬೇರನ್ನು ಹೊತ್ತಿಲ್ಲವೆಂಬ ಎಚ್ಚರಿಕೆ ಕೊಡುತ್ತಾರೆ. ಮಾವಿನ ಕಸಿ ಕಟ್ಟುವವರಿಗೆ ಈ ಮಾತು ವ್ಯಾಖ್ಯಾನವಿಲ್ಲದೆ ತಿಳಿಯುತ್ತದೆ. ಕ್ರಿಸ್ತರಲ್ಲಿ ಎಲ್ಲರಿಗೂ ಜೀವೋದ್ಧಾರ ಎಂಬ ವಿಶ್ವಾಸವನ್ನೂ ರದ್ದಾಗದ ಒಡಂಬಡಿಕೆಯನ್ನೂ ಒಟ್ಟಿಗೆ ಹಿಡಿಯುವುದು ಹೇಗೆಂಬ ಪ್ರಶ್ನೆ ಮಾತ್ರ ಇನ್ನೂ ತೆರೆದೇ ಇದೆ. 2015ರ ಡಿಸೆಂಬರಿನ ವ್ಯಾಟಿಕನ್ ದಾಖಲೆ, ಯೆಹೂದ್ಯರನ್ನು ಗುರಿಯಾಗಿಸಿದ ಸಾಂಸ್ಥಿಕ ಧರ್ಮಪ್ರಚಾರವನ್ನು ಧರ್ಮಸಭೆ ನಡೆಸುವುದಿಲ್ಲ, ಆದರೆ ವಿನಯದಿಂದ ತನ್ನ ವಿಶ್ವಾಸಕ್ಕೆ ಸಾಕ್ಷಿಯಾಗುತ್ತದೆ ಎಂದಿತು. ಉಳಿದದ್ದನ್ನು ದೈವರಹಸ್ಯವೆಂದು ಬಿಟ್ಟಿತು. ದೇವಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ತೃಪ್ತಿ ತರಲಿಕ್ಕಿಲ್ಲ. ಪೌಲರೂ ಆ ಭಾಗವನ್ನು ವಾದದಿಂದ ಮುಗಿಸಲಿಲ್ಲ, ಸ್ತುತಿಯಿಂದ ಮುಗಿಸಿದರು.

ಇಂದಿನ ರೂಪಗಳು

ಕಟ್ಟುನಿಟ್ಟಿನ ಮುಖ್ಯೋಪಾಧ್ಯಾಯರನ್ನು ಮಕ್ಕಳು ಹಿಟ್ಲರ್ ಎಂದು ಕರೆಯುವುದು ನಮ್ಮಲ್ಲಿ ಹಳೆಯ ರೂಢಿ. 'ಹಿಟ್ಲರ್ ಕಲ್ಯಾಣ' ಎಂಬ ಹೆಸರಿನ ಕನ್ನಡ ಧಾರಾವಾಹಿ ಸಂಜೆಯ ಹೊತ್ತು ಮನೆಮನೆಯಲ್ಲಿ ಓಡಿತು. ಅವನ ಆತ್ಮಕಥೆ ಪಾದಚಾರಿ ಮಾರ್ಗದ ಪುಸ್ತಕದಂಗಡಿಗಳಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ನಡುವೆ ಮಾರಾಟಕ್ಕಿರುತ್ತದೆ. ಇದರಲ್ಲಿ ಹೆಚ್ಚಿನದು ದ್ವೇಷವಲ್ಲ, ಅಜ್ಞಾನ. ಆದರೆ ಅಜ್ಞಾನದ ಹೊಲದಲ್ಲಿ ಯಾವ ಬೀಜವಾದರೂ ಮೊಳೆಯುತ್ತದೆ. ಲೋಕದ ಹಣವೆಲ್ಲ ಯೆಹೂದ್ಯರ ಮುಷ್ಟಿಯಲ್ಲಿದೆಯೆಂಬ ವಾಟ್ಸ್ಆ್ಯಪ್ ಸಂದೇಶಗಳು, 1903ರಲ್ಲಿ ರಷ್ಯಾದಲ್ಲಿ ಅಚ್ಚಾಗಿ 1921ರಲ್ಲೇ ಲಂಡನ್ನಿನ ಪತ್ರಿಕೆಯೊಂದು ಖೋಟಾ ಎಂದು ಬಯಲಿಗೆಳೆದ ಕಾಗದಗಳ ಮರಿಗಳು. ಧರ್ಮಕೇಂದ್ರದ ಗುಂಪುಗಳಲ್ಲಿ ಇವು ಜಪಸರದ ಚಿತ್ರಗಳ ನಡುವೆ ನುಸುಳುತ್ತವೆ. 2008ರ ನವೆಂಬರಿನಲ್ಲಿ ಮುಂಬಯಿಯ ಯೆಹೂದ್ಯ ಕೇಂದ್ರದಲ್ಲಿ ರಬ್ಬಿ ದಂಪತಿ ಸೇರಿ ಆರು ಮಂದಿ ಹತರಾದರು; ಈ ದ್ವೇಷ ನಮ್ಮ ದೇಶದಲ್ಲೂ ಕೊಂದಿದೆ.

ಇಸ್ರೇಲ್ ರಾಷ್ಟ್ರದ ಪ್ರಶ್ನೆ ಬಂದಾಗ ಮಾತು ಇನ್ನಷ್ಟು ತೂಕವಾಗಿರಬೇಕು. 2023ರ ಅಕ್ಟೋಬರ್ 7ರಂದು ಹಮಾಸ್ ಇಸ್ರೇಲಿನಲ್ಲಿ ಸುಮಾರು 1200 ಜನರನ್ನು ಕೊಂದಿತು. ಆ ಬಳಿಕ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು. 2025ರ ಜುಲೈಯಲ್ಲಿ ಅಲ್ಲಿನ ಏಕೈಕ ಕಥೋಲಿಕ ದೇವಾಲಯದ ಮೇಲೂ ಇಸ್ರೇಲಿನ ಗುಂಡು ಬಿತ್ತು. ಒಂದು ಸರ್ಕಾರದ ಯುದ್ಧನೀತಿಯನ್ನು ಖಂಡಿಸುವುದು ಯೆಹೂದ್ಯ-ದ್ವೇಷವಲ್ಲ. ಇಸ್ರೇಲಿನಲ್ಲೇ ಸಾವಿರಾರು ಯೆಹೂದ್ಯರು ಅದನ್ನು ಖಂಡಿಸಿದ್ದಾರೆ. ಆ ಸರ್ಕಾರದ ಕೃತ್ಯಕ್ಕೆ ಕೊಚ್ಚಿಯ ವೃದ್ಧೆಯನ್ನೋ ಮುಂಬಯಿಯ ಅಂಗಡಿಯವನನ್ನೋ ಹೊಣೆ ಮಾಡಿದಾಗ, ಆ ರಾಷ್ಟ್ರದ ತಪ್ಪನ್ನು ಆ ಜನರ ಹುಟ್ಟುಗುಣವೆಂದು ವಿವರಿಸಿದಾಗ, ಪಿಲಾತನ ಅಂಗಳದ ಹಳೆಯ ಆರೋಪ ಹೊಸ ಬಟ್ಟೆ ತೊಟ್ಟು ಬರುತ್ತದೆ. ಇದಕ್ಕೆ ವಿರುದ್ಧವಾಗಿ, ಅಂತ್ಯಕಾಲದ ಪ್ರವಾದನೆಗಳ ಹೆಸರಿನಲ್ಲಿ ಆ ರಾಷ್ಟ್ರದ ಧ್ವಜವನ್ನು ಪ್ರಾರ್ಥನಾಕೂಟಗಳಲ್ಲಿ ತೂಗುಹಾಕಿ, ಬೆತ್ಲೆಹೇಮಿನ ಪಲೆಸ್ತೀನಿ ಕ್ರೈಸ್ತರಿದ್ದಾರೆಂಬುದನ್ನೇ ಮರೆಯುವ ಪ್ರೀತಿಯೂ ಯೆಹೂದ್ಯರನ್ನು ಮನುಷ್ಯರೆಂದು ಕಾಣುವುದಿಲ್ಲ, ನಾಟಕದ ಪಾತ್ರವೆಂದೇ ಕಾಣುತ್ತದೆ.

2008ರ ಸೆಪ್ಟೆಂಬರಿನಲ್ಲಿ ಕರ್ನಾಟಕದ ಚರ್ಚುಗಳ ಮೇಲೆ ದಾಳಿ ನಡೆದಾಗ, ಎಲ್ಲಿಯೋ ಯಾರೋ ಹಂಚಿದ ಪುಸ್ತಿಕೆಗೆ ನಾಡಿನ ಪ್ರತಿ ಕ್ರೈಸ್ತನೂ ಉತ್ತರ ಕೊಡಬೇಕಾಯಿತು. ಒಬ್ಬನ ಮಾತಿಗೆ ಎಲ್ಲರನ್ನೂ ಹಿಡಿಯುವುದು ಹೇಗಿರುತ್ತದೆಂದು ನಮಗೆ ಗೊತ್ತು.

ಇನ್ನು ಕಾರ್ಯಗಳ ಮಾತು. 'ಹಳೆಯ ಒಡಂಬಡಿಕೆಯ ಕೋಪದ ದೇವರು, ಹೊಸದರ ಪ್ರೀತಿಯ ದೇವರು' ಎಂಬ ವಾಕ್ಯವನ್ನು ಪ್ರಬೋಧನೆಗಳಿಂದ ಕಿತ್ತುಹಾಕಬೇಕು. ಅದು ಎರಡನೆಯ ಶತಮಾನದಲ್ಲೇ ತಿರಸ್ಕೃತವಾದ ಮಾರ್ಸಿಯೋನನ ತಪ್ಪು, ಮತ್ತು ನೆರೆಯವನನ್ನು ಪ್ರೀತಿಸಬೇಕೆಂಬ ಆಜ್ಞೆ ಇರುವುದು ಯಾಜಕಕಾಂಡದ 19ನೇ ಅಧ್ಯಾಯದಲ್ಲಿ. ಕಪಟಿ ಎನ್ನುವಲ್ಲೆಲ್ಲ ಫರಿಸಾಯ ಎನ್ನುವ ಅಭ್ಯಾಸವೂ ಹೋಗಬೇಕು: ಹೆರೋದನು ಕೊಲ್ಲಲಿದ್ದಾನೆಂದು ಯೇಸುವಿಗೆ ಎಚ್ಚರಿಕೆ ಕೊಟ್ಟವರು ಫರಿಸಾಯರು, ನಿಕೊದೇಮನೂ ಗಮಲಿಯೇಲನೂ ಫರಿಸಾಯರು, ಪೌಲರು ಕೊನೆಯವರೆಗೂ ಹಾಗೆಂದು ಹೇಳಿಕೊಂಡರು. ಬೀದಿಯಲ್ಲಿ ಜೀವಂತ ಶಿಲುಬೆಯ ಹಾದಿ ನಡೆಸುವ ಕಡೆ, ನೋಡಲು ನಿಲ್ಲುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನೆರೆಯ ಹಿಂದೂಗಳು ಮತ್ತು ಮುಸಲ್ಮಾನರಾಗಿರುತ್ತಾರೆ. ಅಲ್ಲಿ ಯೂದನಿಗೂ ಕಾಯಫನಿಗೂ ಮಾತ್ರ ವಿಕಾರ ಮೂಗು, ವಿಚಿತ್ರ ಟೋಪಿ ಹಾಕಿಸಿ, ಯೇಸುವನ್ನೂ ಮರಿಯಮ್ಮನವರನ್ನೂ ಬೇರೆ ಜನಾಂಗದವರಂತೆ ಸಿಂಗರಿಸುವುದನ್ನು ಯುವಕರಿಗೆ ತಿಳಿಹೇಳಿ ನಿಲ್ಲಿಸಬೇಕು. ಶಿಲುಬೆಯ ಆರಾಧನೆಯ ವೇಳೆ ಹಾಡುವ ದೈವವಿಲಾಪದಲ್ಲಿ 'ನನ್ನ ಜನರೇ' ಎಂಬ ಸಂಬೋಧನೆ ಅಲ್ಲಿ ಮೊಣಕಾಲೂರಿರುವ ನಮ್ಮನ್ನು ಉದ್ದೇಶಿಸಿದ್ದೆಂದು ಹಾಡಿಗೆ ಮೊದಲು ಹೇಳಬೇಕು.

ಶುಭ ಶುಕ್ರವಾರದ ಹತ್ತು ವಿಶ್ವಾರ್ಥ ಪ್ರಾರ್ಥನೆಗಳಲ್ಲಿ ಆರನೆಯದು ಯೆಹೂದ್ಯ ಜನರಿಗಾಗಿ. ದೇವರ ವಾಕ್ಯವನ್ನು ಮೊದಲು ಕೇಳಿದ ಆ ಜನ ದೇವನಾಮದ ಪ್ರೀತಿಯಲ್ಲೂ ಒಡಂಬಡಿಕೆಯ ನಿಷ್ಠೆಯಲ್ಲೂ ಬೆಳೆಯಲೆಂದು 1970ರ ಪೂಜಾಗ್ರಂಥ ಬೇಡುತ್ತದೆ. ಆಹ್ವಾನಕ್ಕೂ ಪ್ರಾರ್ಥನೆಗೂ ನಡುವೆ ವಿಧಿ ಒಂದು ಮೌನವನ್ನು ಇಟ್ಟಿದೆ. ಬಿಸಿಲು, ಉಪವಾಸ, ಬಸ್ಸಿಗೆ ಹೊತ್ತಾಗುವ ಜನ, ಈ ಕಾರಣಗಳಿಂದ ಹಳ್ಳಿಯ ಉಪಕೇಂದ್ರಗಳಲ್ಲಿ ಆ ಮೌನವನ್ನು ಹಾರಿಸುವುದುಂಟು. ಬೇರೆ ಎಲ್ಲಿ ಸಮಯ ಉಳಿಸಿದರೂ ಸರಿ, ಆರನೆಯ ಪ್ರಾರ್ಥನೆಯಲ್ಲಿ ಅದನ್ನು ಉಳಿಸಬಾರದು. ಯೊವಾನ್ನರ ಯಾತನಾ ವೃತ್ತಾಂತ ಮುಗಿದು ಆಗಿನ್ನೂ ಅರ್ಧ ಗಂಟೆಯೂ ಆಗಿರುವುದಿಲ್ಲ.